ಕ್ರಾನಿಕ್ಸ್‌ನ ‘ಕ್ರಾನಾಲಜಿ’ ಕೇಳಿದವರು ಇದ್ದೀರಾ? ಒಂದನೇ ಏಟು ಎಲ್ಲಿ ಹೋಯ್ತು?

ಕೀಬೋರ್ಡ್ ಕೊಟ್ರೇಶ

ನಮಸ್ಕಾರ ಎಲ್ಲರಿಗೂ. ನಾನು ಹರಪನಹಳ್ಳಿ ಕಡೆಯವನು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಗಣಪತಿ ಹಬ್ಬ, ಜಾತ್ರೆ, ಮದುವೆ ರಿಸೆಪ್ಷನ್, ಕರೆದಲ್ಲಿಗೆ ಹೋಗುತ್ತೇವೆ. ನಮ್ಮಂಥವರಿಗೆ ಜಮೈಕಾದ ರೆಗೆ ಸಂಗೀತ ಅಂದ್ರೆ ಕೀಬೋರ್ಡಿನಲ್ಲಿ ಆ ಹೆಸರಿನ ಒಂದು ಸ್ಟೈಲ್. ಬಟನ್ ಒತ್ತಿದರೆ ಚಕ್ ಚಕ್ ಅಂತ ತಾನೇ ಬರುತ್ತೆ. ಅದು ಬಿಟ್ಟರೆ ಬಾಬ್ ಮಾರ್ಲಿ. ಅವರ ಹಾಡು ಕೇಳಿದ್ದಕ್ಕಿಂತ ಟೀ ಶರ್ಟ್ ಮೇಲೆ ಅವರ ಮುಖ ನೋಡಿದ್ದೇ ಜಾಸ್ತಿ.

ನಮ್ಮ ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ನುಡಿಸುವ ಹುಡುಗ ಈಚೆಗೆ ಒಂದು ಆಲ್ಬಮ್ ಹಿಡಿದುಕೊಂಡಿದ್ದಾನೆ. ಜಮೈಕಾದ ಕ್ರಾನಿಕ್ಸ್ ಅನ್ನುವವನದು, ಹೆಸರು ‘ಕ್ರಾನಾಲಜಿ’, 2017ರಲ್ಲಿ ಬಂದದ್ದು. ವ್ಯಾನಿನಲ್ಲಿ ಹೋಗ್ತಾ ಬರ್ತಾ ಅದೇ. ಧ್ವನಿ ಚೆನ್ನಾಗಿದೆ, ತಕರಾರಿಲ್ಲ. ಆದರೆ ಎರಡು ವಿಷಯ ತಲೆಗೆ ಹತ್ತುತ್ತಿಲ್ಲ ನೋಡ್ರಿ. ‘ಸ್ಮೈಲ್ ಜಮೈಕಾ’ ಹಾಡಿಗೆ ತೊಡೆ ಮೇಲೆ ನಾಲ್ಕು ಎಣಿಸಿದರೆ, ಒಂದಕ್ಕೆ ಕಿಕ್, ಅಂದ್ರೆ ಕಾಲಿನಿಂದ ಹೊಡೆಯೋ ದೊಡ್ಡ ಡ್ರಮ್ಮಿನ ಏಟು, ಬೀಳೋದೇ ಇಲ್ಲ. ಖಾಲಿ. ಆದರೂ ಹಾಡು ಜಾರಲ್ಲ, ಗಟ್ಟಿಯಾಗಿ ನಿಂತಿರುತ್ತೆ. ಅದು ಹೇಗೆ?

ಇನ್ನೊಂದು, ಮುಂದೆ ಹೋದಂತೆ ಕೆಲವು ಹಾಡು ನನಗೆ ರೆಗೆ ಅಂತಲೇ ಅನ್ನಿಸಲ್ಲ. ಒಂದು ಡಾನ್ಸ್ ಪಾರ್ಟಿಯ ಹಾಡು, ಇನ್ನೊಂದು ಅಮೆರಿಕದವರ ಲವ್ ಸಾಂಗ್ ಇದ್ದಂಗೆ. ಈಗಿನ ರೆಗೆ ಅಂದ್ರೆ ಹೀಗೇನಾ, ಇಲ್ಲ ಇವನೊಬ್ಬನೇ ಹೀಗಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ವಿಮರ್ಶೆಗಳ ಲಿಂಕ್ ಮಾತ್ರ ಬೇಡ. ಓದಿದೆ. ಯಾವುದರಲ್ಲೂ ತಾಳದ ಮಾತೇ ಇಲ್ಲ.

ದಪ್ಪತಂತಿ

ಕೊಟ್ರೇಶಣ್ಣ, ನಿಮ್ಮ ಎಣಿಕೆ ಸರಿಯಾಗೇ ಇದೆ. ಆ ಒಂದನೇ ಏಟನ್ನು ಬೇಕಂತಲೇ ಬಿಟ್ಟಿರೋದು. ಇದಕ್ಕೆ ವನ್ ಡ್ರಾಪ್ ಅಂತಾರೆ. ಕಿಕ್ಕೂ ಸ್ನೇರೂ (ಕಡ್ಡಿಯಲ್ಲಿ ಹೊಡೆಯೋ ಚಿಕ್ಕ ಡ್ರಮ್) ಎರಡೂ ಸೇರಿ ಮೂರಕ್ಕೆ ಬೀಳುತ್ತೆ. ಸ್ನೇರ್ ಅಂದರೂ ಬಹಳ ಸಲ ಪೂರ್ತಿ ಹೊಡೆತ ಅಲ್ಲ, ಕಡ್ಡಿಯನ್ನು ಅಡ್ಡ ಮಲಗಿಸಿ ಅಂಚಿಗೆ ‘ಟಕ್’ ಅನ್ನಿಸೋದು. ಇದನ್ನು ಜಗತ್ತಿಗೆಲ್ಲ ಕೇಳಿಸಿದ್ದು ಮಾರ್ಲಿಯ ವೇಲರ್ಸ್ ತಂಡದ ಡ್ರಮ್ಮರ್ ಕಾರ್ಲ್ಟನ್ ಬ್ಯಾರೆಟ್. ಬೇಸ್ ಹಿಡಿದದ್ದು ಅವರಣ್ಣ ಆಸ್ಟನ್. ಅಣ್ಣ ತಮ್ಮ ಅಂದ್ಮೇಲೆ ಖಾಲಿ ಜಾಗ ಯಾರು ಬಿಡಬೇಕು, ಯಾರು ತುಂಬಬೇಕು ಅಂತ ಮಾತಾಡೋದೇ ಬೇಕಿರಲಿಲ್ಲವೇನೋ!

ಹಾಡು ಜಾರದೆ ನಿಲ್ಲೋದು ಬೇಸ್‌ನಿಂದ. ಗಿಟಾರ್ ಎರಡಕ್ಕೂ ನಾಲ್ಕಕ್ಕೂ ಚುಟುಕಾಗಿ ಕತ್ತರಿಸುತ್ತೆ, ನಿಮ್ಮ ಸ್ಟೈಲ್ ಬಟನ್ನಿನ ‘ಚಕ್’ ಅದೇ. ನಿಮ್ಮ ನಿಜವಾದ ಕೆಲಸ ಆರ್ಗನ್. ಅದಕ್ಕೆ ಬಬಲ್ ಅಂತ ಹೆಸರು. ಬಲಗೈ ಗಿಟಾರ್ ಜೊತೆಗೆ ಎರಡು, ನಾಲ್ಕಕ್ಕೆ. ಎಡಗೈ ಅದರ ಸಂದಿಯಲ್ಲಿ, ಒಂದಕ್ಕೂ ಎರಡಕ್ಕೂ ಮಧ್ಯೆ, ಎರಡಕ್ಕೂ ಮೂರಕ್ಕೂ ಮಧ್ಯೆ, ಹೀಗೆ. ಸೌಂಡ್ ಕಮ್ಮಿ ಇಡಬೇಕು. ಕೇಳಿಸಬಾರದು, ಆದರೆ ನಿಲ್ಲಿಸಿದರೆ ಎಲ್ಲರಿಗೂ ಗೊತ್ತಾಗಬೇಕು.

ಮತ್ತೆ, ದಯವಿಟ್ಟು ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ. ಬೇಸ್ ಗಿಟಾರಿನ ಎಲ್ಲಕ್ಕಿಂತ ದಪ್ಪ ತಂತಿ ಮಿಡಿದರೆ ಸುಮಾರು 41 ಹರ್ಟ್ಸ್. ಮೊಬೈಲ್ ಅಷ್ಟು ಕೆಳಗೆ ಇಳಿಯೋದೇ ಇಲ್ಲ. ಅಂದ್ರೆ ಹಾಡಿನ ಅರ್ಧ ಭಾಗ ನಿಮಗೆ ತಲುಪೇ ಇರಲ್ಲ. ಈ ಸಂಗೀತ ಬೆಳೆದದ್ದೇ ಕಿಂಗ್‌ಸ್ಟನ್ ಬೀದಿಗಳಲ್ಲಿ, ಆಳೆತ್ತರದ ಸ್ಪೀಕರ್ ಬಾಕ್ಸ್ ನಿಲ್ಲಿಸಿ ರೆಕಾರ್ಡ್ ಹಾಕ್ತಿದ್ದ ಸೌಂಡ್ ಸಿಸ್ಟಮ್‌ಗಳ ಮುಂದೆ. ನಿಮ್ಮ ಹತ್ತಿರ ಬೇಸ್ ಬಾಕ್ಸ್ ಇರುತ್ತಲ್ವಾ, ಮುಂದಿನ ಪ್ರೋಗ್ರಾಮಿನಲ್ಲಿ ಸೌಂಡ್ ಚೆಕ್ಕಿಗೆ ಇದನ್ನೇ ಹಾಕಿ.

ಮಂಡ್ಯದ ಮಾಲಾ

ದಪ್ಪತಂತಿ ತಾಳ ಹೇಳಿದರು, ನಾನು ಎರಡನೇ ಪ್ರಶ್ನೆ ಹಿಡಿಯುತ್ತೇನೆ. ಈ ಆಲ್ಬಮ್ ನನಗೆ ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ. ಬೇಜಾರು ಮಾಡ್ಕೋಬೇಡಿ.

‘ಇದು ರೆಗೆನೇ ಅಲ್ಲ’ ಅನ್ನುವ ದೂರು ಬಹಳ ಜನ ಹೇಳ್ತಾರೆ. ಅವರಿಗೆ ನಾನು ‘ಮೆಜೆಸ್ಟಿ’ ಹಾಡು ಹಾಕಿ ಕೇಳಿಸುತ್ತೇನೆ. ಅಚ್ಚ ಜಮೈಕಾ ಹಾಡು ಅಂತ ತಲೆ ಆಡಿಸ್ತಾರೆ. ಅದರ ಬುಡದಲ್ಲಿ ಇರೋದು ‘ಕ್ವೀನ್ ಮೆಜೆಸ್ಟಿ’, ಟೆಕ್ನಿಕ್ಸ್ ಅನ್ನುವ ತಂಡ 1967ರಲ್ಲಿ ನಿರ್ಮಾಪಕ ಡ್ಯೂಕ್ ರೀಡ್‌ಗೆ ಹಾಡಿಕೊಟ್ಟದ್ದು. ಆಗ ರೆಗೆ ಅನ್ನುವ ಹೆಸರೇ ಇನ್ನೂ ಓಡಾಡ್ತಿರಲಿಲ್ಲ, ಅದು ರೆಗೆಗೆ ಮುಂಚಿನ ರಾಕ್‌ಸ್ಟೆಡಿ ಅನ್ನುವ ಶೈಲಿಯ ಕಾಲ. ಸರಿ, ಅದಾದರೂ ಜಮೈಕಾದ್ದಾ? ಅಲ್ಲ. ಶಿಕಾಗೋದ ಕರ್ಟಿಸ್ ಮೇಫೀಲ್ಡ್ ಬರೆದು, ಅವರ ಇಂಪ್ರೆಶನ್ಸ್ ತಂಡ ಹಾಡಿದ ಸೋಲ್ (ಅಮೆರಿಕದ ಕಪ್ಪು ಜನರ ಒಂದು ಹಾಡಿನ ಶೈಲಿ) ಹಾಡು. ಅದನ್ನು ಜಮೈಕಾದವರು ತಮ್ಮ ನಡೆಗೆ ಒಗ್ಗಿಸಿಕೊಂಡರು. ಅಂದ್ರೆ ‘ಅಮೆರಿಕದವರ ಲವ್ ಸಾಂಗ್’ ಈ ಸಂಗೀತದೊಳಗೆ ಹುಟ್ಟಿನಿಂದಲೇ ಇದೆ. ಕ್ರಾನಿಕ್ಸ್ ಹೊಸದಾಗಿ ತಂದು ಬೆರೆಸಿದ್ದೇನಲ್ಲ.

ನೀವು ಎಣಿಸಿದ ‘ಸ್ಮೈಲ್ ಜಮೈಕಾ’ದ ಕಥೆ ಇನ್ನೂ ಮಜಾ. ಅಲ್ಲಿ ಡ್ರಮ್, ಬೇಸ್, ಕಾರ್ಡ್ಸ್ ಸೇರಿದ ತಳಪಾಯಕ್ಕೆ ರಿಡಿಮ್ ಅಂತಾರೆ. ರಿಡಿಮ್ಮಿಗೇ ಒಂದು ಹೆಸರಿರುತ್ತೆ. ನಮ್ಮಲ್ಲಿ ಒಂದೇ ಧಾಟಿಗೆ ಬೇರೆ ಬೇರೆ ಸೋಬಾನೆ ಪದ ಕಟ್ಟಿ ಹಾಡ್ತಾರಲ್ಲ, ಹಾಗೆ ಒಂದೇ ರಿಡಿಮ್ ಮೇಲೆ ಬೇರೆ ಬೇರೆ ಗಾಯಕರು ತಮ್ಮ ತಮ್ಮ ಹಾಡು ಹಾಡ್ತಾರೆ. ‘ಸ್ಮೈಲ್ ಜಮೈಕಾ’ ಹಾಡಿರೋದು ‘ಹನಿ ಪಾಟ್’ ಅನ್ನುವ ರಿಡಿಮ್ ಮೇಲೆ. ಅದನ್ನು ಹೊರತಂದವರು ಜರ್ಮನಿಯ ಹ್ಯಾಂಬರ್ಗ್‌ನ ಸಿಲ್ಲಿ ವಾಕ್ಸ್ ಡಿಸ್ಕೋಟೆಕ್ ಅನ್ನುವ ತಂಡದವರು, 2013ರಲ್ಲಿ. ಜಮೈಕಾ ನಗಲಿ ಅಂತ ಹಾಡಿದ ಹಾಡಿನ ತಳ ಜರ್ಮನಿಯದು! ಅದೇ ಹೆಸರಿನ ಹಾಡು ಮಾರ್ಲಿಗೂ ಇದೆ, 1976ರದ್ದು. ಅದು ಬೇರೆ, ಇದು ಬೇರೆ. ಆಲ್ಬಮ್ ಬರೋ ಹೊತ್ತಿಗೆ ಕ್ರಾನಿಕ್ಸ್‌ನ ಹಾಡು ನಾಲ್ಕು ವರ್ಷ ಹಳೇದು.

ಇನ್ನು ಆಲ್ಬಮ್ಮಿನ ಹೆಸರು. ಈತನ ತಂದೆಯೂ ಗಾಯಕರು, ವೇದಿಕೆಯ ಹೆಸರು ಕ್ರಾನಿಕಲ್. ಮಗ ಚಿಕ್ಕ ವಯಸ್ಸಿನಲ್ಲೇ ‘ಲಿಟಲ್ ಕ್ರಾನಿಕಲ್’ ಅನ್ನಿಸಿಕೊಂಡು, ಆಮೇಲೆ ಕ್ರಾನಿಕ್ಸ್ ಆದ. ‘ಬಿಗ್ ಬ್ಯಾಡ್ ಸೌಂಡ್’ನಲ್ಲಿ ಅಪ್ಪ ಮಗ ಇಬ್ಬರೂ ಹಾಡಿದ್ದಾರೆ. ಹೆಡ್‌ಫೋನ್ ಹಾಕಿ ಅಪ್ಪನ ದನಿ ಬರುವ ಜಾಗ ಕೇಳಿ. ಇಡೀ ಆಲ್ಬಮ್ಮಿನಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಅದು. ಮಗ ದೊಡ್ಡ ಹೆಸರು ಮಾಡಿದ ಮೇಲೂ ಅಪ್ಪನಿಗೆ ಸುಮ್ನೆ ಗೌರವಕ್ಕೆ ಒಂದು ಸಾಲು ಕೊಟ್ಟಂತಿಲ್ಲ. ಸರಿಸಮ ನಿಂತು ಹಾಡಿದ್ದಾರೆ.

ನೀವು ಕೀಬೋರ್ಡಿನವರು ಅಂದದ್ದಕ್ಕೆ ಇದನ್ನೂ ಹೇಳಲೇಬೇಕು. 1985ರಲ್ಲಿ ನಿರ್ಮಾಪಕ ಕಿಂಗ್ ಜಾಮಿ ಹೊರತಂದ ‘ಸ್ಲೆಂಗ್ ಟೆಂಗ್’ ರಿಡಿಮ್ ಜಮೈಕಾ ಸಂಗೀತದ ದಾರಿಯನ್ನೇ ತಿರುಗಿಸಿತು. ಅಲ್ಲಿಂದ ಮುಂದೆ ಬ್ಯಾಂಡ್ ಬದಲು ಕಂಪ್ಯೂಟರ್, ಕೀಬೋರ್ಡ್ ರಿಡಿಮ್‌ಗಳದ್ದೇ ಕಾರುಬಾರು. ಆ ರಿಡಿಮ್ ಏನು ಗೊತ್ತಾ? ಕ್ಯಾಸಿಯೋ ಎಂಟಿ-40 ಅನ್ನುವ ಚಿಕ್ಕ ಕೀಬೋರ್ಡಿನ ‘ರಾಕ್’ ಸ್ಟೈಲ್. ಬಟನ್ ಒತ್ತಿ ನಿಧಾನ ಮಾಡಿದ್ದು, ಅಷ್ಟೇ. ಆ ಸ್ಟೈಲ್ ಮಾಡಿಟ್ಟವರು ಕ್ಯಾಸಿಯೋ ಕಂಪನಿಯ ಇಂಜಿನಿಯರ್ ಹಿರೋಕೋ ಒಕುಡಾ. ಆಕೆ ಕಾಲೇಜಿನಲ್ಲಿ ರೆಗೆ ಮೇಲೇ ಪ್ರಬಂಧ ಬರೆದಿದ್ದರು. ಹಾಗಾಗಿ ಸ್ಟೈಲ್ ಬಟನ್ ಬಗ್ಗೆ ಸಂಕೋಚ ಬೇಡ! ಈ ಆಲ್ಬಮ್ಮಿನ ‘ಲೈಕ್ಸ್’ ಹಾಡಿನಂಥ ಡಾನ್ಸ್‌ಹಾಲ್, ಅಂದ್ರೆ ನೀವು ಹೇಳಿದ ಡಾನ್ಸ್ ಪಾರ್ಟಿ ಥರದ್ದು, ಬಂದದ್ದೇ ಆ ದಾರಿಯಲ್ಲಿ.

ರಿವೈಂಡ್ ರಂಗಣ್ಣ

ಮಾಲಾ ಮೇಡಂ ಹೇಳಿದ ಇತಿಹಾಸ ಎಲ್ಲ ಒಪ್ಪಿದೆ. ಆದರೆ ಇತಿಹಾಸ ಇದೆ ಅಂತ 16 ಹಾಡೂ ಚೆನ್ನಾಗಿರಬೇಕಂತ ಏನಿಲ್ಲ. ಆರು ಹಾಡು ಕಿತ್ತು ಹಾಕಿದ್ದರೆ ಇದು ಹತ್ತು ವರ್ಷದ ಅತ್ಯುತ್ತಮ ಆಲ್ಬಮ್ ಆಗ್ತಿತ್ತು. ಕೊನೆಕೊನೆಗೆ ನಯ ಜಾಸ್ತಿ, ಉಪ್ಪು ಕಮ್ಮಿ. ಗ್ರ್ಯಾಮಿಗೆ ನಾಮಿನೇಟ್ ಆಗಿತ್ತು, ಬಹುಮಾನ ಡೇಮಿಯನ್ ಮಾರ್ಲಿಯ ‘ಸ್ಟೋನಿ ಹಿಲ್’ ಪಾಲಾಯ್ತು. ನನಗೇನೂ ಅನ್ಯಾಯ ಅನ್ನಿಸಲಿಲ್ಲ.

ಕೊಟ್ರೇಶ್ ಅವರೇ, ಇದಾದ ಮೇಲೆ ಕಾಫಿ ಅನ್ನುವ ಹುಡುಗಿಯ ‘ಗಿಫ್ಟೆಡ್’ ಕೇಳಿ, 2022ರದ್ದು. ಕ್ರಾನಿಕ್ಸ್‌ನಂತೆ ಇವಳೂ ಸ್ಪ್ಯಾನಿಷ್ ಟೌನ್‌ನವಳೇ. ‘ಕ್ರಾನಾಲಜಿ’ಯ ಮೊದಲ ಹಾಡಿನ ಹೆಸರಿನಲ್ಲಿ ಬರುವ ಊರು ಅದು, ಕಿಂಗ್‌ಸ್ಟನ್ ಪಕ್ಕದ್ದು. ಹತ್ತೇ ಹಾಡು, ಅರ್ಧ ಗಂಟೆಯೊಳಗೆ ಮುಗಿಯುತ್ತೆ. ಅದಕ್ಕೂ ಮುಂಚೆ ‘ರ್ಯಾಪ್ಚರ್’ ಅನ್ನುವ ಅವಳದೇ ರೆಕಾರ್ಡಿಗೆ 2020ರಲ್ಲಿ ಗ್ರ್ಯಾಮಿ ಬಂದಾಗ ಅವಳಿಗೆ 19 ವರ್ಷ. ರೆಗೆ ವಿಭಾಗದಲ್ಲಿ ಅಷ್ಟು ಚಿಕ್ಕವರು ಯಾರೂ ಗೆದ್ದಿರಲಿಲ್ಲ. ಒಂಟಿ ಗಾಯಕಿಯಾಗಿ ಗೆದ್ದವರಲ್ಲೂ ಇವಳೇ ಮೊದಲು.

(ಆರ್‌ಸಿಬಿಯಲ್ಲಿ ಗೇಲ್ ಇದ್ದಷ್ಟು ವರ್ಷ ಚಿನ್ನಸ್ವಾಮಿಯಲ್ಲಿ ಕಿಂಗ್‌ಸ್ಟನ್‌ನವನ ಸಿಕ್ಸರ್‌ಗೆ ಕುಣಿದಿದ್ದೇವೆ. ಅವನ ಊರಿನ ಸಂಗೀತವನ್ನು ಒಂದು ಓವರಿನಷ್ಟಾದರೂ ಸರಿಯಾಗಿ ಹಾಕಿದ್ದರೆ ಚೆನ್ನಾಗಿತ್ತು ಅಂತ ನನ್ನ ಹಳೇ ಗೊಣಗಾಟ.)

ಮಂಡ್ಯದ ಮಾಲಾ

ರಂಗಣ್ಣ, ಆರು ಕಿತ್ತು ಹಾಕಿ ಅಂತೀರಿ. ಯಾವ ಆರು? ಪಟ್ಟಿ ಕೊಡಿ, ಜಗಳ ಆಡೋಣ. ಹದಿನಾರೂ ಸಮ ಇದೆ ಅಂತ ನಾನೂ ಹೇಳಲ್ಲ. ಆದರೆ ಇದು ಅವನ ಮೊದಲ ಪೂರ್ಣ ಆಲ್ಬಮ್. ಆಗ ವಯಸ್ಸು 24. ಆ ವಯಸ್ಸಿನಲ್ಲಿ ಕೈಯಲ್ಲಿದ್ದದ್ದನ್ನೆಲ್ಲ ಹಾಕೋದು ಸಹಜ ಅಲ್ವಾ?

ಕೀಬೋರ್ಡ್ ಕೊಟ್ರೇಶ

ಎಲ್ಲರಿಗೂ ಶರಣು. ನಿನ್ನೆ ಒಂದು ಆರತಕ್ಷತೆ ಪ್ರೋಗ್ರಾಮ್ ಇತ್ತು. ಸೌಂಡ್ ಚೆಕ್ಕಿಗೆ ಬೇಸ್ ಬಾಕ್ಸ್‌ನಲ್ಲಿ ‘ಸ್ಮೈಲ್ ಜಮೈಕಾ’ ಹಾಕಿಸಿದೆ. ಅಲ್ರೀ, ಅದು ಬೇರೆ ಹಾಡೇ! ಗಾಯಕ ಮೇಲೆ ಹಾಡಿಕೊಂಡಿರ್ತಾನೆ, ಕೆಳಗೆ ಬೇಸ್ ಇನ್ನೊಂದು ಹಾಡು ಹಾಡ್ತಿರುತ್ತೆ. ಅಡುಗೆ ಕಡೆಯವರು ಬಂದು ‘ಯಾವ ಪಿಕ್ಚರ್‌ದು’ ಅಂತ ಕೇಳಿದರು.

ಎಡಗೈ ಬಲಗೈ ಬಬಲ್ ಕೂತಿದೆ, ನಿಧಾನಕ್ಕೆ. ಕಷ್ಟ ಬಂದಿರೋದು ನಮ್ಮ ಹುಡುಗನಿಗೆ. ಆಲ್ಬಮ್ ಪೂರ್ತಿ ಬಾಯಿಪಾಠ, ಆದರೆ ನುಡಿಸೋಕೆ ಕೂತರೆ ಒಂದಕ್ಕೆ ಕಿಕ್ ಬಿಟ್ಟಿರೋಕೆ ಆಗ್ತಿಲ್ಲ. ಕಾಲು ತಾನೇ ಹೋಗಿಬಿಡುತ್ತೆ. ಏನು ಮಾಡೋದು?

ಮಾಲಕ್ಕ, ಆ ಕ್ಯಾಸಿಯೋ ವಿಷಯ ಅವನಿಗೆ ಹೇಳಿಲ್ಲ. ಹೇಳಿದರೆ ಪ್ರಾಕ್ಟೀಸ್ ಬಿಟ್ಟು ಬಟನ್ ಒತ್ತೋಣ ಅಂತಾನೆ.

ದಪ್ಪತಂತಿ

ಎಲ್ಲರ ಕಾಲೂ ಹೋಗುತ್ತೆ, ಚಿಂತೆ ಇಲ್ಲ. ಒಂದು ವಾರ ಕಿಕ್ ಪೆಡಲ್ ತೆಗೆದಿಡಿ. ಹೈ-ಹ್ಯಾಟ್ (ಜೋಡಿ ತಾಳ) ಮಾತ್ರ ಒಂದೇ ಸಮ ಓಡಲಿ, ಮೂರಕ್ಕೆ ಸ್ನೇರ್ ಅಂಚಿನ ‘ಟಕ್’. ಬೇಸ್ ನುಡಿಸೋರು ಇದ್ದರೆ ಎದುರಿಗೇ ಕೂರಿಸಿ, ಇಲ್ಲದಿದ್ದರೆ ನೀವೇ ಎಡಗೈಯಲ್ಲಿ ಬೇಸ್ ನುಡಿಸಿ. ಟೆಂಪೋ ನಿಮಿಷಕ್ಕೆ 70 ಏಟಿನ ಸುಮಾರಿಗೆ ಇಡಿ, ಆತುರ ಬೇಡ. ಅದು ಕೂತ ಮೇಲೆ ಪೆಡಲ್ ವಾಪಸ್ ಕೊಡಿ, ಮೂರಕ್ಕೆ ಮಾತ್ರ. ಮತ್ತೆ ಫಿಲ್ ಹೊಡೆಯೋಕೆ ಬಿಡಬೇಡಿ. ಪ್ಯಾಡ್ ಹುಡುಗರು ಸಾಲು ಮುಗಿದ ತಕ್ಷಣ ‘ದಡಬಡ’ ಅಂತಾರೆ, ಆಮೇಲೆ ಒಂದಕ್ಕೆ ಕಾಲು ಬಂದೇ ಬರುತ್ತೆ.