31 ತಾಸು ಕರೆಂಟ್ ಇಲ್ಲ: ಜನರೇಟರ್ ತಗೊಳ್ಳೋದಾ?

ನವನಗರದ ಸೊಸೆ:
ಹೋದ ವಾರದ ಗಾಳಿಮಳೆಗೆ ನಮ್ಮ ಓಣಿಯಲ್ಲಿ ಮರ ಬಿದ್ದು ಲೈನ್ ಹರಿಯಿತು. ಸಂಜೆ 5ಕ್ಕೆ ಹೋದ ಕರೆಂಟ್ ಬಂದಿದ್ದು ಮರುದಿನ ರಾತ್ರಿ 12ಕ್ಕೆ. ಇನ್ವರ್ಟರ್ 3 ತಾಸಿಗೆ ಕೀಂ ಅಂತ ಕೂಗಿ ಮಲಗಿತು. ಸಂಪ್ ತುಂಬ ನೀರಿದೆ, ಮೋಟರ್ ಓಡಲ್ಲ, ಮೇಲಿನ ಟ್ಯಾಂಕ್ ಖಾಲಿ. ಅತ್ತೆಯವರ ಇನ್ಸುಲಿನ್ ಫ್ರಿಜ್‌ನಲ್ಲಿತ್ತು, ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಮುಟ್ಟಿ ನೋಡಿದ್ದೇ ನೋಡಿದ್ದು. ಈಗ ನಮ್ಮನೆಯವರು ಜನರೇಟರ್ ತಂದು ಬಾಲ್ಕನಿಯಲ್ಲಿ ಇಡೋಣ ಅಂತಿದ್ದಾರೆ. ಬೇಕಾ, ಇಲ್ಲ ಸುಮ್ನೆ ದುಡ್ಡು ಹಾಳಾ?

ಧಾರವಾಡದ ಬ್ಯಾಟರಿ ಹುಚ್ಚ:
ಬಾಲ್ಕನಿಯಲ್ಲಿ ಜನರೇಟರ್ ಬೇಡವೇ ಬೇಡ ಅಕ್ಕಾರೆ. ಅದರ ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಕಿಟಕಿಯಿಂದ ಒಳಗೆ ಬಂದರೆ ಮಲಗಿದವರು ಏಳುವುದಿಲ್ಲ. ಮೊದಲು ಲೆಕ್ಕ ಹಾಕಿ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಅಂದರೆ ಎರಡನ್ನೂ ಗುಣಿಸಿ 1800 ವ್ಯಾಟ್-ಅವರ್. ಇನ್ವರ್ಟರ್ ತಿನ್ನೋದು ಕಳೆದರೆ ಕೈಗೆ 1300 ಸಿಗುತ್ತದೆ ಅಂದುಕೊಳ್ಳಿ. ಹಳೇ ಫ್ಯಾನ್ ಒಂದಕ್ಕೇ 75 ವ್ಯಾಟ್, ಎರಡು ಫ್ಯಾನ್, ಮೂರು ಎಲ್‌ಇಡಿ, ವೈಫೈ ಸೇರಿ 190 ಆಗುತ್ತದೆ, ಏಳು ತಾಸೂ ಬರಲ್ಲ. ಕಡಿಮೆ ಕರೆಂಟ್ ತಿನ್ನೋ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್‌ಗೆ ತಿರುಗುತ್ತದೆ, ಎರಡೂ ಅದನ್ನೇ ಹಾಕಿದರೆ ಅದೇ ಬ್ಯಾಟರಿ 13 ತಾಸು ಎಳೆಯುತ್ತದೆ. ನಿಮ್ಮದು ಮೂರೇ ತಾಸಿಗೆ ಮಲಗಿದೆ ಅಂದರೆ ಬ್ಯಾಟರಿ ಮುದಿಯಾಗಿದೆ, ಇಲ್ಲ ನೀರಿಲ್ಲ. ಕೊನೆಯ ಸಲ ಡಿಸ್ಟಿಲ್ಡ್ ವಾಟರ್ ಹಾಕಿದ್ದು ಯಾವಾಗ? ನಿಜ ಹೇಳಿ 😄

ಗದಗಿನ ಮಗಳು:
ಫ್ರಿಜ್ ಬಾಗಿಲು ತೆಗೆದು ತೆಗೆದು ನೋಡಿದ್ದೇ ತಪ್ಪು ಅಕ್ಕಾ. ಮುಚ್ಚಿಟ್ಟರೆ ಸುಮಾರು 4 ತಾಸು ತಂಪು ಉಳಿಯುತ್ತದೆ. ಬಳಸುತ್ತಿರೋ ಇನ್ಸುಲಿನ್ 30 ಡಿಗ್ರಿ ಒಳಗಿದ್ದರೆ ಸಾಮಾನ್ಯವಾಗಿ 4 ವಾರ ಹೊರಗೇ ಇರಬಹುದು, ಆದರೂ ನಿಮ್ಮ ಡಬ್ಬಿಯ ಚೀಟಿ ಓದಿ. ಏಪ್ರಿಲ್ ಬಿಸಿಲಿಗೆ ನಾವು ಮಾಡೋದು ಇಷ್ಟು: ದೊಡ್ಡ ಮಣ್ಣಿನ ಮಡಕೆಯಲ್ಲಿ ಸಣ್ಣ ಕುಡಿಕೆ, ನಡುವೆ ಹಸಿ ಮರಳು, ಮೇಲೆ ಒದ್ದೆ ಬಟ್ಟೆ. ಬಾಟಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕುಡಿಕೆಯೊಳಗೆ ಇಡಿ, ಗಾಳಿಯಾಡುವ ನೆರಳಲ್ಲಿ. ಐಸ್‌ಗೆ ಮಾತ್ರ ತಾಗಿಸಬೇಡಿ. ಒಮ್ಮೆ ಹೆಪ್ಪುಗಟ್ಟಿದ್ದು ಮತ್ತೆ ಕರಗಿದರೂ ಕೆಲಸಕ್ಕೆ ಬರಲ್ಲ.

ರೋಣದ ರೊಟ್ಟಿ:
ಎಲ್ಲರೂ ಬ್ಯಾಟರಿ ಬ್ಯಾಟರಿ ಅಂತೀರಿ, ಸಂಪಿಗೆ ಒಂದು ಕೊಡ, ಹಗ್ಗ ಇಟ್ಟರೆ ನೀರಿನ ಚಿಂತೆ ಮುಗೀತಲ್ಲ! ಮಕ್ಕಳಿದ್ದರೆ ಮುಚ್ಚಳ ತಕ್ಷಣ ಹಾಕಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಹೊಳೆಆಲೂರು ಕಡೆಯ ನೆಂಟರು ನಮ್ಮ ಮನೆಗೆ ಬಂದರು, ಕೈಯಲ್ಲಿ ಆಧಾರ್ ಕಾರ್ಡ್ ಕೂಡ ಇರಲಿಲ್ಲ. ಅವತ್ತಿಂದ ಕಾಗದಪತ್ರ, ಮಾತ್ರೆ, ಟಾರ್ಚು ಒಂದೇ ಚೀಲದಲ್ಲಿ ಬಾಗಿಲ ಹಿಂದೆ ನೇತಾಡುತ್ತವೆ. ಊಟಕ್ಕೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಚುರುಮುರಿ, ಇದಕ್ಕೆ ಒಲೆಯೇ ಬೇಡ. ಮಿಕ್ಸರ್ ನಂಬಿ ಚಟ್ನಿ ಮುಂದೂಡಬೇಡಿ ಅಷ್ಟೇ. ಲೈನ್ ಹರಿದು ಬಿದ್ದಿದ್ದರೆ ಮುಟ್ಟಬೇಡಿ, ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಹಾಕಿ.

ನವನಗರದ ಸೊಸೆ:
ಬ್ಯಾಟರಿ ನೋಡಿದೆವು. ನೀರಿನ ಮಟ್ಟ ತೋರಿಸೋ ಆರೂ ಫ್ಲೋಟ್ ತಳಕ್ಕೆ ಕೂತಿವೆ. ನಮ್ಮನೆಯವರು ಜನರೇಟರ್ ಮಾತು ಬಿಟ್ಟು ಡಿಸ್ಟಿಲ್ಡ್ ವಾಟರ್ ತರೋಕೆ ಹೋಗಿದ್ದಾರೆ. ಕೊಡಕ್ಕೆ ಹಗ್ಗವನ್ನೂ ಹೇಳಿ ಕಳಿಸಿದ್ದೇನೆ.