ಅರ್ಧ ಗಂಟೆ ಓಡಿಸಿದ ಮೇಲೆ ಎಸಿ ಕೈಕೊಡುತ್ತದೆ, ನಿಲ್ಲಿಸಿದರೆ ಮತ್ತೆ ಸರಿ: ಏನು ನೋಡಿಸಬೇಕು?

ಪ್ರಶ್ನೆ (ಕಲಬುರಗಿ): ಅಣ್ಣಾ ನಮಸ್ಕಾರ. ನಮ್ಮದು 2009ರ ಸಣ್ಣ ಪೆಟ್ರೋಲ್ ಕಾರು, ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಬೆಳಿಗ್ಗೆ ಎಸಿ ಚೆನ್ನಾಗಿಯೇ ಬರುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ಅರ್ಧ ಗಂಟೆ ಓಡಿಸಿದರೆ ಇದ್ದಕ್ಕಿದ್ದಂತೆ ಬಿಸಿ ಗಾಳಿ ಶುರು. ಗಾಳಿಯ ಜೋರು ಕಡಿಮೆ ಆಗಲ್ಲ, ತಂಪು ಮಾತ್ರ ಹೋಗುತ್ತದೆ. ನೆರಳಲ್ಲಿ ನಿಲ್ಲಿಸಿ ಊಟ ಮಾಡಿ ಬಂದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ತಂಪು. ಇಲ್ಲಿ ಒಂದು ಕಡೆ ತೋರಿಸಿದ್ದಕ್ಕೆ ಗ್ಯಾಸ್ ಕಮ್ಮಿ ಅಂತ ತುಂಬಿಸಿದರು. ಹೋದ ಬೇಸಿಗೆಯಲ್ಲೂ ಇದೇ ಕಥೆ. ಈಗ ಕಂಪ್ರೆಸರ್ ಪೂರ್ತಿ ಬದಲಾಯಿಸಬೇಕು ಅಂತಿದ್ದಾರೆ. ವಯಸ್ಸಾದ ತಂದೆಯವರನ್ನು ಆಸ್ಪತ್ರೆಗೆ ಕರ್ಕೊಂಡು ಹೋಗೋ ಗಾಡಿ, 42 ಡಿಗ್ರಿ ಬಿಸಿಲು. ದಯವಿಟ್ಟು ದಾರಿ ಹೇಳಿ.

ಉತ್ತರ (ಕಾರ್ ಎಸಿ ಮೆಕ್ಯಾನಿಕ್, ದಾವಣಗೆರೆ): ಸರ್, ಕಂಪ್ರೆಸರ್‌ಗೆ ಅಂದರೆ ಗ್ಯಾಸನ್ನು ಒತ್ತಿ ಓಡಿಸುವ ಪಂಪಿಗೆ ದುಡ್ಡು ಕೊಡಬೇಡಿ. ಸದ್ಯಕ್ಕೆ ಗ್ಯಾಸ್ ಕೂಡ ಮುಟ್ಟಿಸಬೇಡಿ. ಗ್ಯಾಸ್ ನಿಜವಾಗಲೂ ಕಮ್ಮಿ ಇದ್ದರೆ ಅದು ಬೆಳಿಗ್ಗೆನೂ ಕಮ್ಮಿಯೇ ಇರುತ್ತದೆ, ತಂಪು ಯಾವಾಗಲೂ ಮಂದವಾಗಿರುತ್ತದೆ. ಅರ್ಧ ಗಂಟೆ ಫಸ್ಟ್ ಕ್ಲಾಸ್ ತಂಪು ಕೊಟ್ಟು ಆಮೇಲೆ ಸ್ವಿಚ್ ಆಫ್ ಮಾಡಿದ ಹಾಗೆ ನಿಂತರೆ, ಏನೋ ಒಂದು ಬಿಸಿಯಾದಾಗ ಕೆಲಸ ಬಿಡುತ್ತಿದೆ ಅಂತ ಅರ್ಥ. ಅದು ಯಾವುದು ಅಂತ ಹುಡುಕಬೇಕು.

ಇಂಥ ಕೇಸಲ್ಲಿ ಗಾಡಿ ಸರಿ ಇರುವಾಗ ಶೆಡ್ಡಿಗೆ ಒಯ್ದರೆ ಪ್ರಯೋಜನ ಇಲ್ಲ. ಆಗ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿದರೆ ಎಲ್ಲ ಸರಿಯಾಗೇ ಕಾಣುತ್ತದೆ, ಕೊನೆಗೆ ಮೆಕ್ಯಾನಿಕ್ ಅಂದಾಜಿನ ಮೇಲೆ ಏನೋ ಒಂದು ಬದಲಾಯಿಸುತ್ತಾನೆ. ಬಿಸಿ ಗಾಳಿ ಬರುತ್ತಿರುವಾಗಲೇ ನೋಡಬೇಕು.

ಮುಂದಿನ ಸಲ ತಂಪು ನಿಂತ ಕೂಡಲೇ ಗಾಡಿ ಸೈಡಿಗೆ ಹಾಕಿ. ಇಂಜಿನ್ ಮತ್ತು ಎಸಿ ಎರಡೂ ಆನ್ ಇರಲಿ. ಬಾನೆಟ್ ಎತ್ತಿ ಕಂಪ್ರೆಸರ್ ಮುಂದಿನ ಪುಲ್ಲಿ ನೋಡಿ. ಬೆಲ್ಟ್ ಓಡುವ ಪುಲ್ಲಿ ಯಾವಾಗಲೂ ತಿರುಗುತ್ತಲೇ ಇರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ಅದರ ಮುಂದೆ ಒಂದು ಪ್ಲೇಟ್ ಇದೆ, ನಡುವೆ ಬೋಲ್ಟ್ ಇರೋದು. ಎಸಿ ಕೆಲಸ ಮಾಡುವಾಗ ಅದು ಟಕ್ ಅಂತ ಪುಲ್ಲಿಗೆ ಅಂಟಿಕೊಂಡು ಜೊತೆಗೇ ತಿರುಗಬೇಕು. ಅದು ತಿರುಗುತ್ತಿದೆಯಾ, ನಿಂತಿದೆಯಾ, ಅಷ್ಟು ನೋಡಿ ಹೇಳಿ. ಕೆಲವು ಗಾಡಿಯಲ್ಲಿ ಅದು ಕೆಳಗಡೆ ಇರುತ್ತದೆ, ಟಾರ್ಚ್ ಬಿಟ್ಟು ನೋಡಬೇಕು. ಕೈ, ಶರ್ಟಿನ ತೋಳು, ಹೆಗಲ ಮೇಲಿನ ಟವೆಲ್ ಯಾವುದೂ ಬೆಲ್ಟ್ ಹತ್ತಿರ ಹೋಗಬಾರದು. ಕೋಲಿನಲ್ಲಿ ಪ್ಲೇಟ್ ತಳ್ಳಿ ನೋಡಿ ಅಂತ ವಿಡಿಯೋಗಳಲ್ಲಿ ತೋರಿಸ್ತಾರೆ, ಅದನ್ನು ಮಾಡಲೇಬೇಡಿ.

ಪ್ರಶ್ನೆ (ಕಲಬುರಗಿ): ಅಣ್ಣಾ, ಪ್ಲೇಟ್ ನಿಂತಿದ್ದರೆ ಏನು, ತಿರುಗುತ್ತಿದ್ದರೆ ಏನು? ಅದನ್ನೂ ಹೇಳಿಬಿಡಿ, ಇಲ್ಲಿನ ಎಲೆಕ್ಟ್ರಿಷಿಯನ್‌ಗೆ ತಿಳಿಸ್ತೀನಿ.

ಉತ್ತರ: ಪ್ಲೇಟ್ ತಿರುಗುತ್ತಲೇ ಇದ್ದು ಗಾಳಿ ಬಿಸಿ ಇದ್ದರೆ ತೊಂದರೆ ಗ್ಯಾಸ್ ಓಡುವ ದಾರಿಯಲ್ಲಿದೆ. ಹೆಚ್ಚಾಗಿ ಒಳಗೆ ತೇವ ಸೇರಿರುತ್ತದೆ. ಪೈಪ್ ಬಿಚ್ಚಿ ಹಾಕಿದಾಗ ವ್ಯಾಕ್ಯೂಮ್ ಸರಿಯಾಗಿ ಎಳೆಯದಿದ್ದರೆ ಹಾಗಾಗುತ್ತದೆ. ಆ ತೇವ ಎಕ್ಸ್‌ಪ್ಯಾನ್ಷನ್ ವಾಲ್ವಿನ, ಅಂದರೆ ಗ್ಯಾಸನ್ನು ಕೂಲಿಂಗ್ ಕಾಯಿಲಿಗೆ ಬಿಡುವ ವಾಲ್ವಿನ, ಸಣ್ಣ ತೂತಲ್ಲಿ ಮಂಜುಗಡ್ಡೆಯಾಗಿ ಕೂತು ಗ್ಯಾಸನ್ನೇ ತಡೆಯುತ್ತದೆ. ಆಗ ಲೋ ಸೈಡ್ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಕಡೆ) ಗೇಜ್ ಮುಳ್ಳು ಸೊನ್ನೆಗಿಂತಲೂ ಕೆಳಗೆ ಇಳಿಯೋದು ಕಾಣುತ್ತದೆ. ಹತ್ತು ನಿಮಿಷ ಬಿಟ್ಟರೆ ಕರಗಿ ಮತ್ತೆ ತಂಪು. ಇದಕ್ಕೆ ಗ್ಯಾಸ್ ಪೂರ್ತಿ ತೆಗೆದು, ತೇವ ಹೀರುವ ಡ್ರೈಯರ್ ಹೊಸದು ಹಾಕಿ, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ತೂಕ ಮಾಡಿ ಗ್ಯಾಸ್ ತುಂಬಬೇಕು. ಬೇರೆ ಅಡ್ಡದಾರಿ ಇಲ್ಲ.

ಪ್ಲೇಟ್ ನಿಂತಿದ್ದರೆ ಕರೆಂಟ್ ಕಡೆ ನೋಡಬೇಕು. ಆ ಪ್ಲೇಟನ್ನು ಪುಲ್ಲಿಗೆ ಎಳೆದು ಹಿಡಿಸುವುದು ಕ್ಲಚ್ ಕಾಯಿಲ್ ಅನ್ನೋ ವಿದ್ಯುತ್ ಅಯಸ್ಕಾಂತ. ಅದರ ವೈರಿನ ಹಿಂದಿನಿಂದ ಮಲ್ಟಿಮೀಟರ್ ಪಿನ್ ತೂರಿಸಿ, ಕನೆಕ್ಟರ್ ಬಿಚ್ಚದೆ, ಎಷ್ಟು ವೋಲ್ಟ್ ಬರುತ್ತಿದೆ ಅಂತ ಅಳೆಯಲು ಹೇಳಿ. ಬಿಚ್ಚಿ ಅಳೆದರೆ ಹಾಳಾದ ರಿಲೇನಲ್ಲೂ (ಕಾಯಿಲಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್ ಡಬ್ಬಿ) 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಲೋಡ್ ಇರಲ್ಲ. ಕಾಯಿಲ್ ಸೇರಿಕೊಂಡೇ ಇದ್ದಾಗ ಬ್ಯಾಟರಿಯಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಇಲ್ಲೂ ಬರಬೇಕು. ಅರ್ಧ ವೋಲ್ಟ್ ಆಚೆಈಚೆ ಪರವಾಗಿಲ್ಲ. ಬ್ಯಾಟರಿಯಲ್ಲಿ 14 ಇದ್ದು ಇಲ್ಲಿ 10 ಇದ್ದರೆ ರಿಲೇ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿರುತ್ತದೆ, ಇಲ್ಲಾ ವೈರ್ ಜಾಯಿಂಟಲ್ಲಿ ತುಕ್ಕು. ಅರ್ತಿಂಗ್ ಕಡೆನೂ ಮರೆಯದೆ ನೋಡಿಸಿ.

ಏನೂ ಬರದಿದ್ದರೆ ಮೊದಲು ರಿಲೇ ಬದಲಿಸಿ ನೋಡಿ. ಎಷ್ಟೋ ಗಾಡಿಯಲ್ಲಿ ಹಾರನ್ ರಿಲೇನೂ ಎಸಿ ರಿಲೇನೂ ಒಂದೇ ನಂಬರ್ ಇರುತ್ತದೆ. ನಂಬರ್ ಹೊಂದಿದರೆ ಎರಡನ್ನೂ ಅದಲುಬದಲು ಮಾಡಿ, ಖರ್ಚಿಲ್ಲದ ಪರೀಕ್ಷೆ. ಆಮೇಲೆ ಗ್ಯಾಸಿನ ಒತ್ತಡ ನೋಡಿ ಕಂಪ್ರೆಸರ್ ನಿಲ್ಲಿಸುವ ಪ್ರೆಶರ್ ಸ್ವಿಚ್ ನೋಡಿಸಿ.

ಪ್ರಶ್ನೆ (ಮಂಗಳೂರು): ನಡುವೆ ಕೇಳ್ತಿದ್ದೀನಿ, ಬೇಜಾರಾಗಬೇಡಿ. ನನ್ನದೂ ಹಳೇ ಗಾಡಿ. ನನಗೆ ಹೈವೇಯಲ್ಲಿ ಒಂದು ಗಂಟೆ ಆದ ಮೇಲೆ ಗಾಳಿಯೇ ಕಮ್ಮಿಯಾಗುತ್ತದೆ. ಬ್ಲೋವರ್ ನಾಲ್ಕಲ್ಲಿಟ್ಟರೂ ಶಬ್ದ ಮಾತ್ರ ಬರೋದು. ಇದೂ ಕ್ಲಚ್ಚಾ?

ಉತ್ತರ: ಅಲ್ಲ ಮೇಡಂ, ನಿಮ್ಮದು ತದ್ವಿರುದ್ಧ. ನಿಮ್ಮ ಕಂಪ್ರೆಸರ್ ನಿಲ್ಲಬೇಕಾದಾಗ ನಿಲ್ಲುತ್ತಿಲ್ಲ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಸೊನ್ನೆ ಡಿಗ್ರಿಗೆ ಇಳಿಯುವ ಸ್ವಲ್ಪ ಮುಂಚೆ ಕಂಪ್ರೆಸರ್ ಕಟ್ ಆಗಬೇಕು. ಅದನ್ನು ಹೇಳೋದು ಕಾಯಿಲ್‌ಗೆ ಸಿಕ್ಕಿಸಿರುವ ಪುಟ್ಟ ಸೆನ್ಸರ್, ಥರ್ಮಿಸ್ಟರ್ ಅಂತೀವಿ. ಅದು ಕೆಟ್ಟಿದ್ದರೆ ಅಥವಾ ಜಾಗದಿಂದ ಜಾರಿದ್ದರೆ ಕಂಪ್ರೆಸರ್ ಓಡುತ್ತಲೇ ಇರುತ್ತದೆ, ಕಾಯಿಲ್ ಮೇಲೆ ಐಸ್ ಕಟ್ಟಿ ಗಾಳಿಗೆ ದಾರಿಯೇ ಇರಲ್ಲ. ಮಂಗಳೂರಿನ ಹವೆಯಲ್ಲಿ ನೀರಿನ ಅಂಶ ಜಾಸ್ತಿ ಅಲ್ವಾ, ಅದಕ್ಕೇ ಬೇಗ ಕಟ್ಟುತ್ತದೆ.

ಮತ್ತೆ ಹಾಗಾದಾಗ ಎಸಿ ಬಟನ್ ಮಾತ್ರ ಆಫ್ ಮಾಡಿ, ಬ್ಲೋವರ್ ಫುಲ್ ಇಟ್ಟು ಓಡಿಸಿ. ಹತ್ತು ಹದಿನೈದು ನಿಮಿಷದಲ್ಲಿ ಗಾಳಿ ವಾಪಸ್ ಬಂದು, ಗಾಡಿ ಕೆಳಗೆ ನೀರು ಜೋರಾಗಿ ಸುರಿದರೆ ಐಸ್ ಅನ್ನೋದು ಖಾತ್ರಿ. ಕ್ಯಾಬಿನ್ ಫಿಲ್ಟರ್ ಇದ್ದರೆ ಅದನ್ನೂ ತೆಗೆದು ನೋಡಿ. ಧೂಳು ಕಟ್ಟಿಕೊಂಡಿದ್ದರೂ ಹೀಗೇ ಐಸ್ ಆಗುತ್ತದೆ.

ಪ್ರಶ್ನೆ (ಬೆಂಗಳೂರು): ನನ್ನದು ಸಿಗ್ನಲ್‌ನಲ್ಲಿ ನಿಂತಾಗ ಬಿಸಿ, ಓಡುವಾಗ ತಂಪು. ಗ್ಯಾಸ್ ತುಂಬಿಸಿದ ಮೇಲೆ ಇನ್ನೂ ಹೆಚ್ಚಾಗಿದೆ.

ಉತ್ತರ: ಎಸಿ ಆನ್ ಮಾಡಿ ಮುಂದೆ ನಿಂತು ಕಂಡೆನ್ಸರ್ (ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ) ಫ್ಯಾನ್ ತಿರುಗುತ್ತದಾ ನೋಡಿ. ಓಡುವಾಗ ಗಾಳಿ ತಾನಾಗೇ ಬಡಿಯುತ್ತದೆ, ನಿಂತಾಗ ಫ್ಯಾನ್ ಬೇಕು. ಫ್ಯಾನ್ ಇಲ್ಲದಿದ್ದರೆ ಹೈ ಸೈಡ್ (ಕಂಪ್ರೆಸರ್ ಗ್ಯಾಸ್ ತಳ್ಳುವ ಕಡೆ) ಒತ್ತಡ ಏರಿ, ಸುಮಾರು 400 ಪಿಎಸ್‌ಐ ದಾಟಿದಾಗ ಪ್ರೆಶರ್ ಸ್ವಿಚ್ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ಗ್ಯಾಸ್ ಜಾಸ್ತಿ ತುಂಬಿದ್ದರೂ ಅದೇ ಆಗೋದು. ನಿಮಗೆ ಎರಡೂ ಸೇರಿರಬಹುದು.

ಗ್ಯಾಸ್ ವಿಷಯ ಬಂತಲ್ಲ, ಎಲ್ಲರಿಗೂ ಒಂದು ಮಾತು ಹೇಳಬೇಕು, ಇದನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತದೆ. ಇಂಜಿನ್ ಆಫ್ ಇರುವಾಗ ಗೇಜ್ ಹಾಕಿ ಮುಳ್ಳು ನೋಡಿ ಗ್ಯಾಸ್ ಇಷ್ಟಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮಲ್ಲಿನ ಹೆಚ್ಚಿನ ಗಾಡಿಗಳಲ್ಲಿರೋದು 134ಎ ಗ್ಯಾಸ್. 30 ಡಿಗ್ರಿ ಬಿಸಿಗೆ ಅದರ ಒತ್ತಡ ಸುಮಾರು 97 ಪಿಎಸ್‌ಐ. ಒಳಗೆ 200 ಗ್ರಾಂ ಇದ್ದರೂ ಅಷ್ಟೇ, 450 ಗ್ರಾಂ ಇದ್ದರೂ ಅಷ್ಟೇ, ಸ್ವಲ್ಪ ದ್ರವ ಉಳಿದಿರುವವರೆಗೂ ಮುಳ್ಳು ಅಲ್ಲಾಡಲ್ಲ. ಎಷ್ಟು ಗ್ರಾಂ ಬೇಕು ಅಂತ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ, ಸಣ್ಣ ಕಾರಿಗೆ ಸಾಮಾನ್ಯವಾಗಿ 350ರಿಂದ 500ರ ಒಳಗೆ. ಇದ್ದದ್ದನ್ನು ತೆಗೆದು, ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು ಅಷ್ಟೇ ಹಾಕಬೇಕು. ಗ್ಯಾಸ್ ಪೆಟ್ರೋಲ್ ಹಾಗೆ ಖರ್ಚಾಗುವ ಸಾಮಾನಲ್ಲ. ಪ್ರತಿ ಬೇಸಿಗೆ ಕಮ್ಮಿಯಾಗುತ್ತಿದ್ದರೆ ಎಲ್ಲೋ ಲೀಕ್ ಇದೆ. ಪೈಪ್ ಜಾಯಿಂಟಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿಕೊಂಡು ಕಪ್ಪಗಿದ್ದರೆ ಅಲ್ಲೇ ಮೊದಲು ಸೋಪಿನ ನೊರೆ ಹಚ್ಚಿ ನೋಡಿ.

ಪ್ರಶ್ನೆ (ಹಾಸನ): ಶಿರಾಡಿ ಘಾಟ್ ಹತ್ತುವಾಗ ಆಗಾಗ ತಂಪು ನಿಂತು ಮತ್ತೆ ಬರುತ್ತದೆ. ಹೆದರಬೇಕಾ?

ಉತ್ತರ: ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಲವು ಸೆಕೆಂಡ್ ಮಾತ್ರ ನಿಂತರೆ ಹೆದರಬೇಡಿ, ಇಂಜಿನ್‌ಗೆ ಶಕ್ತಿ ಸಿಗಲಿ ಅಂತ ಕಂಪ್ಯೂಟರೇ ಕಟ್ ಮಾಡುತ್ತದೆ. ಜೊತೆಗೆ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತಿದ್ದರೆ ಮಾತ್ರ ಗಾಡಿ ನಿಲ್ಲಿಸಿ. ಅದು ಎಸಿ ಕೆಲಸ ಅಲ್ಲ, ರೇಡಿಯೇಟರ್ ಕೆಲಸ.

ಪ್ರಶ್ನೆ (ಕಲಬುರಗಿ): ಅಣ್ಣಾ, ಇವತ್ತು ಸಿಕ್ಕಿಬಿತ್ತು! ರಿಂಗ್ ರೋಡಲ್ಲಿ ಬಿಸಿ ಗಾಳಿ ಶುರುವಾಯ್ತು, ಎಲೆಕ್ಟ್ರಿಷಿಯನ್ ಜೊತೆಯಲ್ಲೇ ಇದ್ದ. ಪುಲ್ಲಿ ತಿರುಗುತ್ತಿದೆ, ಪ್ಲೇಟ್ ನಿಂತಿದೆ. ನೀವು ಹೇಳಿದ ಹಾಗೆ ಕನೆಕ್ಟರ್ ಬಿಚ್ಚದೆ ಅಳೆದ, 13.4 ವೋಲ್ಟ್ ಬರುತ್ತಿದೆ. ಬ್ಯಾಟರಿಯಲ್ಲಿ 13.7. ಕರೆಂಟ್ ಇದ್ದೂ ಯಾಕೆ ಹಿಡಿಯುತ್ತಿಲ್ಲ?

ಉತ್ತರ: ಭೇಷ್, ಈ ಅಳತೆಯಲ್ಲೇ ಅರ್ಧ ಕೆಲಸ ಮುಗಿಯಿತು. ರಿಲೇ, ಸ್ವಿಚ್, ಫ್ಯೂಸ್ ಎಲ್ಲ ಬಚಾವ್. ಉಳಿದದ್ದು ಕ್ಲಚ್ ಒಂದೇ.

ಪ್ಲೇಟಿಗೂ ಪುಲ್ಲಿಗೂ ನಡುವೆ ಕೂದಲೆಳೆಯಷ್ಟು ಗ್ಯಾಪ್ ಇರಬೇಕು, ಹೆಚ್ಚಿನ ಸಣ್ಣ ಕಾರುಗಳಲ್ಲಿ 0.3ರಿಂದ 0.6 ಮಿಲಿಮೀಟರ್. ಹದಿನೈದು ವರ್ಷ ಟಕ್ ಟಕ್ ಅಂತ ಹೊಡೆದು ಹೊಡೆದು ಎರಡೂ ಮುಖ ಸವೆದು ಗ್ಯಾಪ್ ದೊಡ್ಡದಾಗುತ್ತದೆ. ಕಾಯಿಲ್ ತಣ್ಣಗಿದ್ದಾಗ ಆ ದೂರದಿಂದಲೂ ಎಳೆದುಕೊಳ್ಳುತ್ತದೆ. ಬಿಸಿಯಾದಾಗ ಆಗಲ್ಲ. ಲೆಕ್ಕ ನೋಡಿ: ತಣ್ಣಗಿರುವಾಗ 3.5 ಓಮ್ ಇರುವ ತಾಮ್ರದ ಕಾಯಿಲ್, 80 ಡಿಗ್ರಿ ಬಿಸಿ ಏರಿದರೆ ಸುಮಾರು 4.6 ಓಮ್ ಆಗುತ್ತದೆ. ಕರೆಂಟ್ ಕಾಲು ಭಾಗ ಇಳಿಯುತ್ತದೆ, ಎಳೆಯುವ ಶಕ್ತಿ ಅರ್ಧದ ಹತ್ತಿರ ಬೀಳುತ್ತದೆ. ಬೆಳಿಗ್ಗೆ ಒಮ್ಮೆ ಹಿಡಿದ ಪ್ಲೇಟ್ ಹಿಡಿದೇ ಇರುತ್ತದೆ. ಮಧ್ಯಾಹ್ನ ಥರ್ಮಿಸ್ಟರ್ ಒಮ್ಮೆ ಕಟ್ ಮಾಡಿದ ಮೇಲೆ ಮತ್ತೆ ಹಿಡಿಯಲು ಶಕ್ತಿ ಸಾಲಲ್ಲ. ನೀವು ಊಟ ಮಾಡಿ ಬರುವಷ್ಟರಲ್ಲಿ ಕಾಯಿಲ್ ಆರಿರುತ್ತದೆ, ಅದಕ್ಕೇ ಮತ್ತೆ ತಂಪು.

ಇಂಜಿನ್ ಆಫ್ ಮಾಡಿ, ಕೀ ತೆಗೆದು, ಫೀಲರ್ ಗೇಜ್‌ನಿಂದ ಪ್ಲೇಟ್ ಸುತ್ತ ಮೂರು ಕಡೆ ಗ್ಯಾಪ್ ಅಳೆಸಿ. ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. 0.8 ದಾಟಿದ್ದರೆ ನಡುವಿನ ಬೋಲ್ಟ್ ಬಿಚ್ಚಿ ಪ್ಲೇಟ್ ತೆಗೆದರೆ ಒಳಗೆ ತೆಳು ವಾಷರ್‌ಗಳು ಇರುತ್ತವೆ, ಶಿಮ್ ಅಂತಾರೆ. ಒಂದನ್ನು ತೆಗೆದು ಮತ್ತೆ ಕೂರಿಸಿ ಅಳೆಯಬೇಕು. 0.3ಕ್ಕಿಂತ ಕಮ್ಮಿ ಮಾಡಬೇಡಿ, ಎಸಿ ಆಫ್ ಇದ್ದಾಗಲೂ ಉಜ್ಜಿ ಸುಟ್ಟುಹೋಗುತ್ತದೆ. ಈ ಕೆಲಸಕ್ಕೆ ಗ್ಯಾಸ್ ತೆಗೆಯಬೇಕಾಗಿಲ್ಲ, ಪೈಪ್ ಬಿಚ್ಚಬೇಕಾಗಿಲ್ಲ.

ಪ್ರಶ್ನೆ (ಕಲಬುರಗಿ): ಮಾಡಿಸಿದೆ ಅಣ್ಣಾ. ಗ್ಯಾಪ್ ಒಂದು ಮಿಲಿಮೀಟರ್ ಹತ್ತಿರ ಇತ್ತು. ಒಂದು ಶಿಮ್ ತೆಗೆದು 0.5ಕ್ಕೆ ಬಂತು. ಮಧ್ಯಾಹ್ನ ಎರಡು ಗಂಟೆಗೆ ಆಳಂದ ತನಕ ಹೋಗಿ ಬಂದ್ವಿ, ಎಲ್ಲೂ ನಿಲ್ಲಲಿಲ್ಲ. ಅಪ್ಪ ಹಿಂದಿನ ಸೀಟಲ್ಲಿ ನಿದ್ದೆನೇ ಮಾಡಿಬಿಟ್ಟರು. ಲೇಬರ್ ಮಾತ್ರ ತಗೊಂಡ. ಇನ್ನೊಂದೇ ಒಂದು: ಮುಂದೆ ಮತ್ತೆ ಸವೆದರೆ ಆಗಲಾದರೂ ಕಂಪ್ರೆಸರ್ ಬದಲಿಸಬೇಕಾ?

ಉತ್ತರ: ತುಂಬಾ ಖುಷಿಯಾಯ್ತು ಸರ್, ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಇನ್ನೊಂದು ಶಿಮ್ ಉಳಿದಿದ್ದರೆ ಅದನ್ನೂ ತೆಗೆಯಬಹುದು. ಶಿಮ್ ಮುಗಿದ ಮೇಲೆ ಪ್ಲೇಟ್, ಪುಲ್ಲಿ, ಕಾಯಿಲ್ ಮೂರೂ ಸೇರಿದ ಕ್ಲಚ್ ಸೆಟ್ ಹೆಚ್ಚಿನ ಗಾಡಿಗಳಿಗೆ ಬೇರೆಯಾಗೇ ಸಿಗುತ್ತದೆ. ಅದನ್ನು ಹಾಕಿಸುವ ದಿನ ಪುಲ್ಲಿ ಬೇರಿಂಗ್ ಕೈಯಲ್ಲಿ ತಿರುಗಿಸಿ ಗರಗರ ಅನ್ನುತ್ತದಾ ಕೇಳಿಸಿಕೊಳ್ಳಿ, ಬೆಲ್ಟ್ ಬಿರುಕು ಬಿಟ್ಟಿದ್ದರೆ ಅದನ್ನೂ ಆಗಲೇ ಬದಲಿಸಿಬಿಡಿ. ಕಂಪ್ರೆಸರ್ ಒಳಗಿನಿಂದ ಶಬ್ದ ಬರುತ್ತಿದ್ದರೆ, ಅಥವಾ ಗ್ಯಾಸ್ ತೂಕ ಸರಿಯಿದ್ದೂ ಲೋ ಸೈಡ್ ಇಳಿಯದೆ, ಹೈ ಸೈಡ್ ಏರದೆ ಎರಡೂ ಮುಳ್ಳು ಹತ್ತಿರ ಹತ್ತಿರ ನಿಂತರೆ ಮಾತ್ರ ಕಂಪ್ರೆಸರ್ ಮಾತು. ಆಗ ಡ್ರೈಯರ್ ಕೂಡ ಹೊಸದೇ ಹಾಕಿಸಿ, ಹಳೇ ಕಂಪ್ರೆಸರ್‌ನ ಪುಡಿ ಹೊಸದಕ್ಕೆ ಹೋಗದ ಹಾಗೆ ಪೈಪ್ ಎಲ್ಲ ಫ್ಲಶ್ ಮಾಡಿಸಿ.