ಹೀಟರ್ ಪ್ಲಗ್ ಹೊಸಾವು ಹಾಕ್ಸಿದ್ರೂ ಬೆಳಿಗ್ಗೆ ಸ್ಟಾರ್ಟ್ ಆಗ್ತಿಲ್ಲ, ಅನುಭವ ಇದ್ದೋರು ಹೇಳ್ರಿ

ಕೇಳಿದವರು, ದಾವಣಗೆರೆ:
ನಮ್ಮದು ಹಳೇ ಐಡಿಐ (ಡೀಸೆಲ್ ಮೊದಲು ಪಕ್ಕದ ಸಣ್ಣ ಕೋಣೆಗೆ ಬಿದ್ದು ಉರಿಯೋ) ಡೀಸೆಲ್ ಗಾಡಿ, ನಾಲ್ಕು ಸಿಲಿಂಡರ್. ಬೆಳಗಿನ ಜಾವ ತರಕಾರಿ ಹೇರಿಕೊಂಡು ಎಪಿಎಂಸಿಗೆ ಹೋಗೋದು. ಮಾಗಿ ಚಳಿ ಬಿದ್ದಾಗಿಂದ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿದು ಹೋಗ್ತೈತಿ. ಬಿಳಿ ಹೊಗೆ ಬರ್ತೈತಿ, ಎಂಜಿನ್ ಹಿಡಿಯಲ್ಲ. ಒಂದ್ಸಲ ಸ್ಟಾರ್ಟ್ ಆದ್ರೆ ಇಡೀ ದಿನ ಚಿಂತಿಲ್ಲ. ಸ್ಟಾರ್ಟ್ ಮಾಡೋ ಮುಂಚೆ ಎಂಜಿನ್ ಒಳಗ ಬಿಸಿ ಮಾಡೋ ಹೀಟರ್ ಪ್ಲಗ್ (ಗ್ಲೋ ಪ್ಲಗ್) ನಾಲ್ಕೂ ಹೊಸಾವು ಹಾಕ್ಸೀನಿ, ಡ್ಯಾಶ್‌ಬೋರ್ಡಿನ ಸುರುಳಿ ಲೈಟೂ ಹತ್ತಿ ಆರ್ತೈತಿ. ಈಗ ಮೆಕ್ಯಾನಿಕ್ ಡೀಸೆಲ್ ಪಂಪ್ ಬಿಚ್ಚಬೇಕು ಅಂತಾರ. ಬಿಚ್ಚಿಸ್ಲಾ?

ಹಿರಿಯೂರಿನಿಂದ:
ಈಗ್ಲೇ ಬ್ಯಾಡ್ರಿ. ಬಿಳಿ ಹೊಗೆ, ಹಸಿ ಡೀಸೆಲ್ ವಾಸನೆ ಬರ್ತೈತೆ ಅಂದ್ರೆ ಎಣ್ಣೆ ಒಳಗೆ ಹೋಗ್ತೈತೆ, ಉರೀತಿಲ್ಲ ಅಷ್ಟೆ. ಲೈನಿಗೆ ಏರ್ ಹಿಡಿದಿದ್ರೆ ಹೊಗೆನೇ ಕಾಣ್ತಿರಲಿಲ್ಲ. ಕಂಪ್ರೆಷನ್ ಇಳಿದಿದ್ರೂ, ಟೈಮಿಂಗ್ ತಪ್ಪಿದ್ರೂ ಹಿಂಗೇ ಆಗೋದುಂಟು, ಆದ್ರೆ ಅದು ಆಮೇಲಿನ ಮಾತು.

ಚಿತ್ರದುರ್ಗದಿಂದ, ಆಟೋ ಎಲೆಕ್ಟ್ರಿಷಿಯನ್:
ಸುರುಳಿ ಲೈಟ್ ಹತ್ತಿತು ಅಂತ ಪ್ಲಗ್ ಕಾಯ್ತಿದೆ ಅಂದ್ಕೋಬೇಡಿ ಅಣ್ಣ. ಎಷ್ಟೋ ಗಾಡಿಗಳಲ್ಲಿ ಆ ಲೈಟನ್ನ ಉರಿಸೋದು ಪ್ಲಗ್ ಎಷ್ಟು ಹೊತ್ತು ಕಾಯ್ಬೇಕು ಅಂತ ನೋಡ್ಕೊಳ್ಳೋ ಟೈಮರ್ ಬಾಕ್ಸ್, ಪ್ಲಗ್ ಅಲ್ಲ. ಪ್ಲಗ್ಗಿಗೆ ಕರೆಂಟ್ ಹೋಗಲಿ ಬಿಡಲಿ, ಅದು ತನ್ನ ಪಾಡಿಗೆ ಹತ್ತಿ ಆರ್ತದೆ. ಹಾಗಾಗಿ ಪ್ಲಗ್ ತಲೆಯ ಹತ್ತಿರವೇ ನೋಡಬೇಕು.

ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮೀಟರನ್ನ 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಕಡ್ಡಿ ಎಂಜಿನ್ ಬ್ಲಾಕಿಗೆ, ಕೆಂಪು ಕಡ್ಡಿ ನಾಲ್ಕೂ ಪ್ಲಗ್ ಸೇರಿಸೋ ಪಟ್ಟಿಗೆ. ಇನ್ನೊಬ್ಬರಿಗೆ ಕೀ ಆನ್ ಮಾಡೋಕೆ ಹೇಳಿ. ಸೊನ್ನೆ ಬಂದ್ರೆ ಫ್ಯೂಸ್, ರಿಲೇ (ಪ್ಲಗ್ಗಿಗೆ ದೊಡ್ಡ ಕರೆಂಟ್ ಬಿಡೋ ಸ್ವಿಚ್), ಟೈಮರ್ ಕಡೆ ಹೋಗಿ. ಅಲ್ಲಿ ದೊಡ್ಡ ಪಟ್ಟಿ ಫ್ಯೂಸ್ ಇರ್ತದೆ. ಕಣ್ಣಿಗೆ ಚೆನ್ನಾಗೇ ಕಂಡು ನಡುವೆ ಕೂದಲೆಳೆ ಬಿರುಕು ಬಿಟ್ಟಿರ್ತದೆ, ನೋಡಿದ್ರೆ ಸಾಲದು, ಮೀಟರ್ ಹಿಡೀಲೇಬೇಕು. ಬ್ಯಾಟರಿಯಲ್ಲಿ ಇರೋಷ್ಟೇ ವೋಲ್ಟ್ ಪಟ್ಟಿಗೂ ಬರ್ತಿದ್ರೆ ಮಾತ್ರ ಪ್ಲಗ್ ಮೇಲೆ ಅನುಮಾನ ಪಡಿ.

ಪ್ಲಗ್ ನೋಡುವಾಗ ಪಟ್ಟಿ ಬಿಚ್ಚಲೇಬೇಕು. ನಾಲ್ಕೂ ಪ್ಯಾರಲಲ್ ಇರೋದ್ರಿಂದ ಒಂದು ಚೆನ್ನಾಗಿದ್ದರೂ ಉಳಿದವು ಸತ್ತಿರೋದು ಮೀಟರಿಗೆ ಗೊತ್ತಾಗಲ್ಲ. ಬಿಚ್ಚಿದ ಮೇಲೆ ಒಂದೊಂದೂ ಸುಮಾರು 1 ಓಮ್ ಆಸುಪಾಸು ತೋರಿಸಬೇಕು. ಅಗ್ಗದ ಮೀಟರಿನ ವೈರಿಗೇ ಅರ್ಧ ಓಮ್ ಇರ್ತದೆ, ಎರಡೂ ಕಡ್ಡಿ ಮುಟ್ಟಿಸಿ ಎಷ್ಟು ಬರ್ತದೆ ನೋಡಿ, ಅದನ್ನ ಕಳೀರಿ. ಮೀಟರ್ ಇಲ್ಲದಿದ್ರೆ ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಪ್ಲಗ್ ತಲೆಗೆ. ಹತ್ತಿದ್ರೆ ಒಳಗಿನ ಕಾಯಿಲ್ ಕಡಿದಿಲ್ಲ.

ಇನ್ನೊಂದು, ಮನೆ ವೈರಿಂಗ್ ಮಾಡೋರ ಹತ್ರ ಕ್ಲ್ಯಾಂಪ್ ಮೀಟರ್ ಎರವಲು ತರಬೇಡಿ, ಅವು ಹೆಚ್ಚಿನವು ಎಸಿ ಮಾತ್ರ ಅಳೀತವೆ. ಡಿಸಿ ಕ್ಲ್ಯಾಂಪ್ ಸಿಕ್ಕರೆ ರಾಜಯೋಗ. ಪ್ಲಗ್ ಕಾದ ಮೇಲೆ ಒಂದಕ್ಕೆ 10ರಿಂದ 15 ಆಂಪಿಯರ್ ಲೆಕ್ಕದಲ್ಲಿ ನಾಲ್ಕಕ್ಕೆ ಎಷ್ಟಾಗಬೇಕು ಅಂತ ಒಂದೇ ನೋಟಕ್ಕೆ ಗೊತ್ತಾಗ್ತದೆ.

ಹೊಳಲ್ಕೆರೆಯಿಂದ:
ನಮ್ಮ ಗಾಡೀಲಿ ಪ್ಲಗ್, ರಿಲೇ ಎರಡೂ ಸರಿ ಇದ್ವು. ಟೈಮರಿಗೆ ಎಂಜಿನ್ ಬಿಸಿ ಹೇಳೋ ವಾಟರ್ ಸೆನ್ಸರ್ ಕೆಟ್ಟು, ಚಳೀಲೂ ‘ಎಂಜಿನ್ ಕಾದೈತೆ’ ಅಂತ ಹೇಳ್ತಿತ್ತು. ಅದನ್ನ ನಂಬಿ ಟೈಮರ್ ಹೀಟರ್ ಕೊಡ್ತಿರಲಿಲ್ಲ. ಸೆನ್ಸರ್ ತಣ್ಣಗಿದ್ದಾಗ ಓಮ್ ಜಾಸ್ತಿ, ಕಾದಾಗ ಕಮ್ಮಿ ಇರಬೇಕು. ಅದರ ಪಿನ್ ಎಳೆದು ಕೀ ಹಾಕಿ ನೋಡ್ರಿ, ಲೈಟ್ ಮೊದಲಿಗಿಂತ ಹೆಚ್ಚು ಹೊತ್ತು ಉರಿದ್ರೆ ಸೆನ್ಸರ್ ಕಡೆ ಕೈ ತೋರಿಸಬಹುದು.

ಕೇಳಿದವರು:
ಅಳೆದೆ. ಕೀ ಆನ್ ಇದ್ದಾಗ ಬ್ಯಾಟರೀಲಿ 11.6, ಪಟ್ಟೀಲಿ 8.1. ಇಷ್ಟು ಬಂದ್ರೆ ಸಾಕಾಗಲ್ವಾ?

ಚಿತ್ರದುರ್ಗದಿಂದ, ಆಟೋ ಎಲೆಕ್ಟ್ರಿಷಿಯನ್:
ಸಾಕಾಗಲ್ಲ. ಮೂರೂವರೆ ವೋಲ್ಟ್ ದಾರೀಲೇ ಸೋರಿ ಹೋಗ್ತಿದೆ. ಶಾಖ ವೋಲ್ಟಿನ ವರ್ಗದ ಲೆಕ್ಕದಲ್ಲಿ ಬೀಳ್ತದೆ, ಅಂದ್ರೆ ನಿಮ್ಮ ಹೊಸ ಪ್ಲಗ್ಗಿಗೆ ಸಿಗ್ತಿರೋದು ಹೆಚ್ಚುಕಮ್ಮಿ ಅರ್ಧ ಬಿಸಿ. ಐಡಿಐ ಎಂಜಿನ್ನಿನ ಪ್ರೀಚೇಂಬರ್ (ಆ ಸಣ್ಣ ಕೋಣೆ) ಗೋಡೆ ಇರೋ ಶಾಖವನ್ನೂ ಹೀರ್ಕೊಳ್ತದೆ, ಅದಕ್ಕೇ ನಮ್ಮ ಈ ಚಳಿಗೂ ಹಟ ಮಾಡೋದು.

ಈಗ ಕೀ ಆನ್ ಇಟ್ಟು, ಮೀಟರಿನ ಎರಡೂ ಕಡ್ಡಿ ರಿಲೇಯ 30 (ಕರೆಂಟ್ ಒಳಬರೋದು) ಮತ್ತು 87ನೇ (ಹೊರಹೋಗೋದು) ಕಾಲಿಗೇ ಹಿಡೀರಿ. ಅಲ್ಲೇ 3 ವೋಲ್ಟ್ ತೋರಿಸಿದ್ರೆ ಒಳಗಿನ ಪಾಯಿಂಟ್ (ಕರೆಂಟ್ ಕೂಡಿಸೋ ತುದಿ) ಸುಟ್ಟಿದೆ. ಪಾಯಿಂಟು ಚೆನ್ನಾಗಿದ್ರೆ ಒಂದು ವೋಲ್ಟಿನ ಕಾಲು ಭಾಗವೂ ಬರಬಾರದು. ರಿಲೇ ಸರಿ ಇದ್ರೆ ಫ್ಯೂಸ್ ಕ್ಲಿಪ್, ಲಗ್ ಒಂದೊಂದೇ ಹಿಂಗೇ ನೋಡ್ಕೊಂಡು ಬನ್ನಿ. ಬಿಸಿ ತಿಂದ ಜಾಗದಲ್ಲಿ ವೈರಿನ ತೊಗಲು ಕಂದಿರ್ತದೆ.

ಕೇಳಿದವರು:
30–87ರ ನಡುವೆನೇ 3.2 ಬಂತು ಅಣ್ಣ. ಅಂಗಡೀಲಿ ಹೆಡ್‌ಲೈಟ್ ರಿಲೇ ಐತಿ, ಅದನ್ನೇ ಹಾಕ್ಲಾ?

ಚಿತ್ರದುರ್ಗದಿಂದ, ಆಟೋ ಎಲೆಕ್ಟ್ರಿಷಿಯನ್:
ದಯವಿಟ್ಟು ಬೇಡ. ಅದು 30–40 ಆಂಪಿಯರಿಂದು, ನಾಲ್ಕು ಪ್ಲಗ್ ಎಳೆಯೋ ಕರೆಂಟಿಗೆ ಪಾಯಿಂಟ್ ಬೆಸೆದುಕೊಂಡುಬಿಡ್ತದೆ. ಆಮೇಲೆ ಕೀ ತೆಗೆದ್ರೂ ಪ್ಲಗ್ ಕಾಯ್ತಾನೇ ಇರ್ತವೆ, ಬ್ಯಾಟರಿ ಖಾಲಿ, ಪ್ಲಗ್ ತುದಿ ಕರಗಿ ಸಿಲಿಂಡರಿಗೆ ಬಿದ್ರೆ ಎಂಜಿನ್ನೇ ಹೋಯ್ತು. ಹೀಟರಿನದೇ ರಿಲೇ ತನ್ನಿ, 70 ಆಂಪಿಯರ್ ಇರಲಿ. ಹಾಕಿದ ಮೇಲೆ ಕೀ ತೆಗೆದು ಪಟ್ಟೀಲಿ ಸೊನ್ನೆ ವೋಲ್ಟ್ ಇದೆಯಾ ನೋಡ್ಕೊಳ್ಳಿ.

ಭರಮಸಾಗರದಿಂದ:
ಇಷ್ಟೆಲ್ಲ ಯಾಕ್ರೀ? ಪುಶ್ ಬಟನ್ ಹಾಕ್ಸಿ ಡೈರೆಕ್ಟ್ ಕೊಟ್ಟುಬಿಡ್ರಿ. ನಾವು ವರ್ಷಗಟ್ಟಲೆ ಹಂಗೇ ಓಡ್ಸೀವಿ.

ಹಿರಿಯೂರಿನಿಂದ:
ನೀವೇ ಓಡಿಸೋದಾದ್ರೆ ನಡೀತೈತೆ, ಹತ್ತು ಹದಿನೈದು ಎಣಿಸಿ ಬಿಡ್ತೀರಿ. ಬದಲಿ ಡ್ರೈವರ್ ಕೈಗೆ ಕೊಟ್ರೆ ಅವನು ಬಟನ್ ಒತ್ತಿ ಹಿಡ್ಕೊಂಡೇ ಫೋನಲ್ಲಿ ಮಾತಾಡ್ತಿರ್ತಾನೆ. ಹಂಗೇ ಏರ್ ಫಿಲ್ಟರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯೋ ಚಾಳಿ ಇದ್ರೆ ಬಿಡ್ರಿ. ಪ್ಲಗ್ ಕೆಂಪಗಿದ್ದಾಗ ಅದರಲ್ಲಿರೋ ಈಥರ್ ಹೋದ್ರೆ ಒಳಗೇ ಸಿಡೀತೈತೆ.

ದಾವಣಗೆರೆಯಿಂದ ಇನ್ನೊಬ್ಬರು:
ಸಿಆರ್‌ಡಿಐ (ಕಂಪ್ಯೂಟರ್ ಹಿಡಿತದ ಹೊಸ ನಮೂನೆ ಡೀಸೆಲ್) ಗಾಡಿ ಇರೋರು ಇದನ್ನೆಲ್ಲ ಓದಿ ಪ್ಲಗ್ಗಿಗೆ ನೇರ 12 ವೋಲ್ಟ್ ಕೊಟ್ಟು ನೋಡೋಕೆ ಹೋಗಬೇಡಿ. ಹೊಸ ಪ್ಲಗ್ಗುಗಳಲ್ಲಿ ಹಲವು 5, 7 ವೋಲ್ಟಿನವು. ಕಂಟ್ರೋಲ್ ಯೂನಿಟ್ ಕರೆಂಟನ್ನ ಕತ್ತರಿಸಿ ಕತ್ತರಿಸಿ ಕೊಡ್ತದೆ, 12 ಸೀದಾ ಹೋದ್ರೆ ಕ್ಷಣದಲ್ಲಿ ಸುಟ್ಟು ಹೋಗ್ತವೆ. ಪ್ಲಗ್ ಮೈಮೇಲೆ ವೋಲ್ಟ್ ಕೊರೆದಿರ್ತಾರೆ, ಓದಿಕೊಳ್ಳಿ. ಬಿಚ್ಚೋದಾದ್ರೆ ಎಂಜಿನ್ ಬಿಸಿ ಇದ್ದಾಗ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು, ಕೈಯಲ್ಲೇ ನಿಧಾನಕ್ಕೆ. ಹೆಡ್ಡಿನೊಳಗೆ ಮುರಿದ್ರೆ ಲೇತ್ ಅಂಗಡಿ ಖರ್ಚು ಪ್ಲಗ್ಗಿನ ಬೆಲೆಗಿಂತ ಎಷ್ಟೋ ಪಟ್ಟು.